ಸಾವಿನ ಸುದ್ದಿ ಮಾಡಿ ಮನೆಗೆ ಬರುವವರಿಗೆ: ವರದಿಗಾರರಿಗೂ ಡೆಸ್ಕ್‌ನವರಿಗೂ ಒಂದು ಮಾರ್ಗದರ್ಶಿ

ಪತ್ರಿಕೋದ್ಯಮದ ತರಗತಿಯಲ್ಲಿ ಇಂಟ್ರೋ ಬರೆಯುವುದು ಹೇಳಿಕೊಡುತ್ತಾರೆ, ಪುಟ ಕಟ್ಟುವುದು ಹೇಳಿಕೊಡುತ್ತಾರೆ. ಶವಾಗಾರದ ಮುಂದೆ ಎಲ್ಲಿ ನಿಲ್ಲಬೇಕು, ಮಗನನ್ನು ಕಳೆದುಕೊಂಡ ಅಮ್ಮನ ಹತ್ತಿರ ಹೋಗಿ ಮೊದಲ ಮಾತು ಏನು ಆಡಬೇಕು ಅನ್ನೋದು ಸಿಲಬಸ್‌ನಲ್ಲಿ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ನಾವೇ ಒದ್ದಾಡಿ ಕಲಿಯಬೇಕು. ಕಲಿಯುವ ಹೊತ್ತಿಗೆ ಒಂದಷ್ಟು ವರ್ಷದ ನಿದ್ದೆ ಹೋಗಿರುತ್ತದೆ.

2025ರ ಜೂನ್ 4 ನೆನಪಿಸಿಕೊಳ್ಳಿ. ಬೆಳಿಗ್ಗೆಯಿಂದ ಬೆಂಗಳೂರಿನಲ್ಲಿ ಆರ್‌ಸಿಬಿ ಕಪ್ ಗೆದ್ದ ಸಂಭ್ರಮದ ಲೈವ್. ಸಂಜೆ ಹೊತ್ತಿಗೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತ, 11 ಜನರ ಸಾವು. ಅಂಥ ದಿನ ಬೆಳಿಗ್ಗೆ ಕುಣಿಯುವ ಹುಡುಗರ ಬೈಟ್ (ಕ್ಯಾಮೆರಾ ಮುಂದೆ ಆಡಿಸಿದ ಮಾತು) ತಗೊಂಡ ರಿಪೋರ್ಟರೇ ರಾತ್ರಿ ಆಸ್ಪತ್ರೆ ಗೇಟಿನಲ್ಲಿ ನಿಂತು ಅಪ್ಪ ಅಮ್ಮಂದಿರ ಬೈಟ್ ತಗೋಬೇಕಾಗುತ್ತದೆ. ಮೈಕ್ ಅದೇ, ಬಟ್ಟೆ ಅದೇ, ಹೊಟ್ಟೆಗೆ ಬಿದ್ದಿರುವುದು ಅದೇ ಬೆಳಗಿನ ಇಡ್ಲಿ.

ಇಷ್ಟು ವರ್ಷ ಡೆಸ್ಕ್‌ನಲ್ಲೂ ಫೀಲ್ಡ್‌ನಲ್ಲೂ ಇದ್ದು ನನಗೆ ಅನ್ನಿಸಿದ್ದು ಒಂದೇ. ನೋಡಿದ ಹೆಣಗಳಿಗಿಂತ ಜಾಸ್ತಿ ಕಾಡುವುದು ನಾವು ಯಾರದೋ ಜೊತೆ ನಡೆದುಕೊಂಡ ರೀತಿ. "ಆ ಹುಡುಗಿ ಮುಖ ಬ್ಲರ್ ಮಾಡಬೇಕಿತ್ತು", "ಆ ಅಜ್ಜಿಗೆ ಆ ಪ್ರಶ್ನೆ ಕೇಳಬಾರದಿತ್ತು" ಅಂತ ಹತ್ತು ವರ್ಷ ಕಳೆದ ಮೇಲೂ ಹೇಳಿಕೊಳ್ಳುವ ಹಿರಿಯರನ್ನು ಪ್ರೆಸ್ ಕ್ಲಬ್‌ನಲ್ಲಿ ಎಷ್ಟು ಸಲ ನೋಡಿಲ್ಲ ನಾವು. ಹಾಗಾಗಿ ಕೆಲಸವನ್ನು ಸರಿಯಾಗಿ ಮಾಡುವುದೇ ಅರ್ಧ ಔಷಧಿ. ಕೆಳಗಿನ ಹಂತಗಳನ್ನು ಅದೇ ಲೆಕ್ಕದಲ್ಲಿ ಬರೆದಿದ್ದೇನೆ.

1. ಹೊರಡುವ ಮುಂಚೆ ಐದು ನಿಮಿಷ

ಅಸೈನ್‌ಮೆಂಟ್ ಡೆಸ್ಕ್‌ನಿಂದ ಫೋನ್ ಬಂದ ತಕ್ಷಣ ಬೈಕ್ ಹತ್ತಬೇಡಿ. ಮೂರು ಪ್ರಶ್ನೆ ಕೇಳಿ. ಏನಾಗಿದೆ ಅಂತ ಈಗ ಗೊತ್ತಿರುವುದೇನು? ನನ್ನ ಜೊತೆ ಯಾರು ಬರುತ್ತಾರೆ? ನನ್ನ ಜಾಗಕ್ಕೆ ಇನ್ನೊಬ್ಬರು ಯಾವಾಗ ಬರುತ್ತಾರೆ? ಮೂರನೆಯದಕ್ಕೆ ಸಾಮಾನ್ಯವಾಗಿ ಉತ್ತರ ಇರಲ್ಲ. ಆದರೂ ಕೇಳಿ. ಕೇಳಿದರೆ ಆ ಕಡೆಯವರ ತಲೆಯಲ್ಲಿ ಅದೊಂದು ಪ್ರಶ್ನೆಯಾಗಿ ಕೂರುತ್ತದೆ. ಕೇಳದಿದ್ದರೆ ನಿಮ್ಮನ್ನು ಅಲ್ಲೇ ಮರೆತುಬಿಡುತ್ತಾರೆ.

ಎಷ್ಟು ದಿನ ಎಳೆಯಬಹುದು ಅನ್ನೋದಕ್ಕೆ ಶಿರೂರು ನೋಡಿ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದು 2024ರ ಜುಲೈ 16ರಂದು. ಆ ಕುಸಿತದಲ್ಲಿ ಕಾಣೆಯಾಗಿದ್ದ ಕೇರಳದ ಲಾರಿ ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಈ ನಡುವೆ ದಡದಲ್ಲಿ ಸುದ್ದಿಗಾಗಿ ಕಾದ ವರದಿಗಾರರಲ್ಲಿ ಕನ್ನಡದವರೂ ಇದ್ದರು, ಮಲಯಾಳಂನವರೂ ಇದ್ದರು. ಇಂಥ ಕಾಯುವ ಕೆಲಸ ಒಂದು ದಿನದ ಅಪಘಾತಕ್ಕಿಂತ ಬೇರೆ ರೀತಿ ಸುಸ್ತು ಮಾಡುತ್ತದೆ. ಮನೆಯವರ ಪಕ್ಕದಲ್ಲೇ ನಿಂತು ನೀವೂ ಆಸೆ ಇಟ್ಟುಕೊಳ್ಳಲು ಶುರು ಮಾಡುತ್ತೀರಿ.

ಬ್ಯಾಗಿಗೆ ನೀರು, ಬಿಸ್ಕೆಟ್, ಪವರ್ ಬ್ಯಾಂಕ್, ಮಾಸ್ಕ್, ಒಂದು ಜೊತೆ ಬಟ್ಟೆ. ಬಟ್ಟೆ ಯಾಕೆ ಅಂದರೆ ವಾಸನೆ. ಕಂಡದ್ದು ಮಸುಕಾದರೂ ವಾಸನೆ ಉಳಿಯುತ್ತದೆ, ಮನೆಗೆ ಹೋದರೆ ಸೋಫಾದ ಮೇಲೂ ಕೂರುತ್ತದೆ. ಮನೆಯಲ್ಲಿ ಒಬ್ಬರಿಗೆ ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಹೇಳಿ ಹೋಗಿ.

2. ಸ್ಪಾಟ್‌ನಲ್ಲಿ ನೋಡಬೇಕಾದ್ದನ್ನು ಮಾತ್ರ ನೋಡಿ

ಹೊಸಬರು ಮಾಡುವ ಮೊದಲ ಕೆಲಸ ಹೆಣ ಎಣಿಸುವುದು. ಬೇಡ. ಸಂಖ್ಯೆ ಕೊಡಬೇಕಾದವರು ಜಿಲ್ಲಾಧಿಕಾರಿ, ಎಸ್‌ಪಿ, ಜಿಲ್ಲಾ ಶಸ್ತ್ರಚಿಕಿತ್ಸಕರು. ನೀವು ಎಣಿಸಿದ್ದು ಬಹುಪಾಲು ತಪ್ಪೇ ಆಗುತ್ತದೆ, ಮೇಲೆ ಆ ದೃಶ್ಯ ನಿಮ್ಮ ಜೊತೆ ಬರುತ್ತದೆ. ಸ್ಟೋರಿಗೆ ಬೇಕಾದ ವಿವರ ಏನು ಅಂತ ಒಂದು ಸಲ ಯೋಚಿಸಿ, ಅಲ್ಲಿಗೆ ಹೋಗಿ, ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಈಚೆ ಬನ್ನಿ. ಸುಮ್ನೆ ಅಲ್ಲಿ ನಿಂತಿರಬೇಡಿ.

ಕ್ಯಾಮೆರಾಮನ್‌ಗಳಿಗೆ ಈ ಆಯ್ಕೆ ಕಡಿಮೆ. ಅವರು ನೋಡಲೇಬೇಕು, ಅದೂ ಜೂಮ್ ಮಾಡಿ. ಆದ್ದರಿಂದ ರಿಪೋರ್ಟರ್ ಆದವರು ಅವರ ಬೆನ್ನ ಹಿಂದೆ ನಿಂತು "ಸಾಕು ಅಣ್ಣ, ಇಷ್ಟು ವಿಷುವಲ್ ಸಾಕು" ಅಂತ ಹೇಳುವ ಜವಾಬ್ದಾರಿ ತಗೊಳ್ಳಬೇಕು. ಅಷ್ಟು ಹತ್ತಿರದ ಶಾಟ್ ಹೇಗೂ ಪ್ರಸಾರ ಆಗಲ್ಲ. ಆಗಲೂಬಾರದು.

ಇನ್ನೊಂದು ವಿಷಯ ಮೊದಲೇ ತೀರ್ಮಾನ ಮಾಡಿಕೊಂಡಿರಿ. ಕಣ್ಣೆದುರು ಒಬ್ಬರು ಒದ್ದಾಡುತ್ತಿದ್ದಾರೆ, ಶೂಟ್ ಮಾಡಬೇಕೋ ಎತ್ತಬೇಕೋ? ಸುತ್ತ ಪೊಲೀಸರು, ಅಗ್ನಿಶಾಮಕ ದಳದವರು, ಎನ್‌ಡಿಆರ್‌ಎಫ್‌ನವರು ಇದ್ದರೆ ದಾರಿ ಬಿಟ್ಟು ನಿಮ್ಮ ಕೆಲಸ ಮಾಡಿ. ಯಾರೂ ಇಲ್ಲ, ನಿಮ್ಮ ಕೈ ಮಾತ್ರ ಇದೆ ಅಂದರೆ ಕ್ಯಾಮೆರಾ ಕೆಳಗಿಡಿ. ಇದನ್ನು ಸ್ಪಾಟ್‌ನಲ್ಲಿ ಯೋಚಿಸಲು ಆಗುವುದಿಲ್ಲ. ಯೋಚಿಸದೆ ಶೂಟ್ ಮಾಡಿದವರು ಆ ಪ್ರಶ್ನೆಯನ್ನು ಆಮೇಲೆ ವರ್ಷಗಟ್ಟಲೆ ಕೇಳಿಕೊಳ್ಳುತ್ತಾರೆ.

3. ಬೈಟ್ ಕೇಳುವುದು

ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಮುಂದೆ ಕಾಡುವುದೆಲ್ಲ ಇಲ್ಲೇ ಹುಟ್ಟುತ್ತದೆ.

ಮೊದಲ ನಿಯಮ: ಸಾವಿನ ಸುದ್ದಿಯನ್ನು ಮನೆಯವರಿಗೆ ಮೊದಲು ಹೇಳುವವರು ನೀವಾಗಬಾರದು. ಪೊಲೀಸರಿಗಿಂತ ಮುಂಚೆ ರಿಪೋರ್ಟರ್ ಫೋನ್ ಹೋಗುವ ಕಾಲ ಇದು. ಫೋನ್ ಎತ್ತಿದವರು "ಏನ್ ಸಾರ್, ಏನಾಯ್ತು?" ಅಂತ ಕೇಳಿದರೆ, ಅವರಿಗೆ ಗೊತ್ತಿಲ್ಲ ಅಂತ ಅರ್ಥ. ಠಾಣೆಯ ನಂಬರ್ ಕೊಟ್ಟು, ಇಲ್ಲಿಗೆ ಮಾತಾಡಿ ಅಂತ ಹೇಳಿ, ಅಲ್ಲಿಗೆ ನಿಲ್ಲಿಸಿ.

ಮನೆ ಬಾಗಿಲಿಗೆ ಹೋದಾಗ ಮೈಕ್ ಬ್ಯಾಗಿನಲ್ಲಿರಲಿ, ಕ್ಯಾಮೆರಾ ಕೆಳಗಿರಲಿ. ನಮ್ಮ ಕಡೆ ಸಾವಿನ ಮನೆಯಲ್ಲಿ ಓಡಾಡಿಕೊಂಡು ಎಲ್ಲ ನೋಡಿಕೊಳ್ಳುವವರು ಒಬ್ಬರು ಇದ್ದೇ ಇರುತ್ತಾರೆ. ಸೋದರಮಾವನೋ, ಚಿಕ್ಕಪ್ಪನೋ, ಪಕ್ಕದ ಮನೆಯವರೋ. ಶಾಮಿಯಾನದವನ ಜೊತೆ ಮಾತಾಡುತ್ತಾ, ಬಂದವರಿಗೆ ನೀರು ಕೊಡಿಸುತ್ತಾ ಇರುತ್ತಾರೆ. ಅವರ ಹತ್ತಿರ ಹೋಗಿ, ಹೆಸರು ಹೇಳಿ, ಯಾವ ಪತ್ರಿಕೆ ಅಥವಾ ಚಾನೆಲ್ ಅಂತ ಹೇಳಿ, "ಯಾರಾದರೂ ಮಾತಾಡೋ ಸ್ಥಿತಿಯಲ್ಲಿ ಇದ್ದಾರಾ ಅಣ್ಣ?" ಅಂತ ಕೇಳಿ. ಇಲ್ಲ ಅಂದರೆ ಇಲ್ಲ. ನಂಬರ್ ಕೊಟ್ಟು ಬನ್ನಿ. ಎಷ್ಟೋ ಸಲ ಎರಡು ದಿನ ಬಿಟ್ಟು ಅವರೇ ಕರೆಯುತ್ತಾರೆ, ಆಗ ಸಿಗುವ ಸ್ಟೋರಿಯೇ ಬೇರೆ ಇರುತ್ತದೆ.

ಮಾತಿಗೆ ಒಪ್ಪಿದರೆ "ಏನನ್ನಿಸ್ತಾ ಇದೆ ಅಮ್ಮ?" ಅಂತ ಮಾತ್ರ ಕೇಳಬೇಡಿ. ಏನು ಅನ್ನಿಸಬೇಕು ಅವರಿಗೆ? "ನಿಮ್ಮ ನೋವು ಅರ್ಥ ಆಗುತ್ತೆ" ಅಂತಲೂ ಬೇಡ. "ಮಗನ ಬಗ್ಗೆ ಹೇಳ್ತೀರಾ ಅಮ್ಮ?" ಅಂತ ಕೇಳಿ ಸುಮ್ಮನಿರಿ. ಅವನು ಏನು ಓದುತ್ತಿದ್ದ, ಏನು ತಿನ್ನುತ್ತಿದ್ದ, ಕೊನೆಯ ಸಲ ಫೋನಿನಲ್ಲಿ ಏನಂದ, ಎಲ್ಲ ತಾನಾಗಿ ಬರುತ್ತದೆ. ನಡುವೆ ಮೌನ ಬಂದರೆ ತುಂಬಬೇಡಿ. ಅತ್ತರೆ ಕ್ಯಾಮೆರಾ ಇಳಿಸಿ, "ನಿಲ್ಲಿಸೋಣವಾ?" ಅಂತ ಕೇಳಿ. ಎಷ್ಟೋ ಜನ "ಇಲ್ಲಪ್ಪ, ಹೇಳ್ತೀನಿ" ಅನ್ನುತ್ತಾರೆ. ಆ ಒಂದು ಪ್ರಶ್ನೆಯಿಂದ ಮಾತು ಅವರ ಕೈಗೆ ಹೋಗುತ್ತದೆ, ರಾತ್ರಿ ನಿಮಗೂ ನಿದ್ದೆ ಬರುತ್ತದೆ.

ಯಾವಾಗ, ಎಲ್ಲಿ ಬರುತ್ತದೆ ಅಂತ ಹೇಳಿ. ಯೂಟ್ಯೂಬ್‌ನಲ್ಲಿ ಉಳಿಯುತ್ತದೆ, ಅದಕ್ಕೂ ಕಾಮೆಂಟ್‌ಗಳು ಬರುತ್ತವೆ ಅಂತಲೂ ಹೇಳಿ. ಫೋಟೋ ಬೇಕಿದ್ದರೆ ಗೋಡೆಯ ಮೇಲಿನದ್ದನ್ನು ಬಿಚ್ಚಿಸಿ ತಗೊಂಡು ಹೋಗಬೇಡಿ, ಅಲ್ಲೇ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಗ್ರೂಪ್ ಫೋಟೋ ಆದರೆ ಪಕ್ಕದಲ್ಲಿ ಯಾರಿದ್ದಾರೆ ನೋಡಿ, ಮಕ್ಕಳಿದ್ದರೆ ಕ್ರಾಪ್ ಮಾಡಿ ಕಳಿಸಿ.

ಡೆಸ್ಕ್‌ನಿಂದ "ಅಳೋ ಬೈಟ್ ಬೇಕು", "ಹುಡುಗಿ ಮನೆ ತೋರಿಸು" ಅಂತ ಒತ್ತಡ ಬರುತ್ತದೆ. ಆಗ ಭಾವನೆಯ ಭಾಷೆಯಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ, ಕಾನೂನಿನ ಭಾಷೆಯಲ್ಲಿ ಮಾತಾಡಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ ಸೆಕ್ಷನ್ 23ರ ಪ್ರಕಾರ ಸಂತ್ರಸ್ತ ಮಗುವಿನ ಹೆಸರು, ವಿಳಾಸ, ಫೋಟೋ, ಮನೆಯವರ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವಂಥದ್ದು ಯಾವುದನ್ನೂ ಹಾಕುವಂತಿಲ್ಲ. ಅತ್ಯಾಚಾರ ಪ್ರಕರಣದ ಸಂತ್ರಸ್ತೆಯ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72ರಲ್ಲಿ ಅಪರಾಧ, ಮೊದಲು ಐಪಿಸಿ 228ಎ ಇತ್ತಲ್ಲ, ಅದೇ. ಆತ್ಮಹತ್ಯೆ ವರದಿಯಲ್ಲಿ ವಿಧಾನ, ಜಾಗ, ಫೋಟೋ ಬೇಡ ಅಂತ ಪ್ರೆಸ್ ಕೌನ್ಸಿಲ್ 2019ರಲ್ಲಿ ಪತ್ರಿಕೆಗಳಿಗೆ ಹೇಳಿದೆ. "ಸರ್, ಇದು ಸೆಕ್ಷನ್ 23 ಆಗುತ್ತೆ, ಲೀಗಲ್‌ಗೆ ಒಂದು ಸಲ ಕೇಳಿ" ಅಂದರೆ ಬಹಳಷ್ಟು ಸಲ ಫೋನ್ ಅಲ್ಲಿಗೇ ಕಟ್ ಆಗುತ್ತದೆ.

ಜಿಲ್ಲಾ, ತಾಲ್ಲೂಕು ವರದಿಗಾರರಿಗೆ ಇನ್ನೊಂದು ಭಾರ ಇದೆ. ಬೆಂಗಳೂರಿನವರಿಗೆ ಅದು ಅಷ್ಟಾಗಿ ಗೊತ್ತಿಲ್ಲ. ನೀವು ಸುದ್ದಿ ಮಾಡಿದ ಕುಟುಂಬ ಆರು ತಿಂಗಳು ಫೋನ್ ಮಾಡುತ್ತಲೇ ಇರುತ್ತದೆ. "ಪರಿಹಾರ ಬಂದಿಲ್ಲ ಸಾರ್, ಸ್ವಲ್ಪ ನೋಡಿ." ಸಾಲದಿಂದ ಸತ್ತ ರೈತನ ಹೆಂಡತಿಗೆ ನೀವೇ ಸರ್ಕಾರ. ಸಿಟ್ಟು ಮಾಡಿಕೊಳ್ಳಬೇಡಿ, ಫೋನ್ ಎತ್ತದೆ ತಪ್ಪಿಸಿಕೊಳ್ಳಲೂ ಬೇಡಿ. ಎತ್ತದೆ ಬಿಟ್ಟ ಫೋನುಗಳೇ ಮನಸ್ಸಿನಲ್ಲಿ ಕೂರುತ್ತವೆ. ಇರುವುದನ್ನು ಹೇಳಿ: ರೈತ ಆತ್ಮಹತ್ಯೆ ಪ್ರಕರಣದಲ್ಲಿ ಪರಿಹಾರ 5 ಲಕ್ಷ ರೂಪಾಯಿ, ಅರ್ಹವೋ ಅಲ್ಲವೋ ಅಂತ ತೀರ್ಮಾನಿಸುವುದು ಉಪವಿಭಾಗಾಧಿಕಾರಿಯವರ ಸಮಿತಿ, ಅರ್ಜಿ ಎಲ್ಲಿದೆ ಅಂತ ಕೃಷಿ ಇಲಾಖೆ ಕಚೇರಿಯಲ್ಲಿ ಕೇಳಬೇಕು. "ವಿಚಾರಿಸಿ ಹೇಳ್ತೀನಿ ಅಮ್ಮ, ಮಾಡಿಸಿಕೊಡ್ತೀನಿ ಅಂತ ಮಾತು ಕೊಡಕ್ಕಾಗಲ್ಲ" ಅಂತ ಮೊದಲ ದಿನವೇ ಹೇಳಿಬಿಡಿ. ಆಮೇಲೆ ಒಂದು ಸಲ ನಿಜವಾಗಲೂ ವಿಚಾರಿಸಿ.

4. ಡೆಸ್ಕ್‌ನಲ್ಲಿ ಕೂತವರಿಗೆ

"ನೀವು ಎಸಿಯಲ್ಲಿ ಕೂತಿರ್ತೀರ, ನಿಮಗೇನ್ ಬಿಡಿ" ಅನ್ನುವ ಮಾತು ಪ್ರತಿ ನ್ಯೂಸ್‌ರೂಮಿನಲ್ಲೂ ಇದೆ. ಇದು ಶುದ್ಧ ತಪ್ಪು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ ಸಾಮಾನ್ಯವಾಗಿ ಟಿವಿ, ಫೋಟೋ ನೋಡಿದ್ದನ್ನು ಆಘಾತದ ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಆದರೆ ಅದು ಕೆಲಸದ ಭಾಗವಾಗಿದ್ದರೆ ತಗೊಳ್ಳುತ್ತದೆ. ಫೀಲ್ಡ್‌ನವರು ಒಂದು ಘಟನೆಯನ್ನು ಒಂದು ಕಡೆಯಿಂದ ನೋಡುತ್ತಾರೆ. ವಿಡಿಯೊ ಎಡಿಟರ್ ಅದೇ ಘಟನೆಯನ್ನು ಹತ್ತು ಮೊಬೈಲ್‌ಗಳ ಕೋನದಿಂದ, ಹಿಂದೆ ಮುಂದೆ ಎಳೆದು, ಫ್ರೇಮ್ ಫ್ರೇಮ್ ಆಗಿ, ಬ್ಲರ್ ಎಲ್ಲಿಂದ ಎಲ್ಲಿವರೆಗೆ ಹಾಕಬೇಕು ಅಂತ ಹುಡುಕುತ್ತಾ ನೋಡುತ್ತಾನೆ.

ಕೆನಡಾದ ಮನೋವೈದ್ಯ ಆಂಥೊನಿ ಫೈನ್‌ಸ್ಟೀನ್ ಮತ್ತು ಜೊತೆಗಾರರು ಇಂಥ ಡೆಸ್ಕ್ ಪತ್ರಕರ್ತರ ಮೇಲೆ ಮಾಡಿದ ಅಧ್ಯಯನ 2014ರಲ್ಲಿ ಬಂತು. ಅದರಲ್ಲಿ ನಮ್ಮ ಕೆಲಸಕ್ಕೆ ನೇರ ಬರುವ ಮಾತೊಂದಿದೆ: ಎಷ್ಟು ಹೊತ್ತು ನೋಡಿದರು ಅನ್ನೋದಕ್ಕಿಂತ ಎಷ್ಟು ಸಲ ನೋಡಿದರು ಅನ್ನೋದೇ ಜಾಸ್ತಿ ಪೆಟ್ಟು ಕೊಡುತ್ತದೆ. ಅಂದರೆ ದಿನವಿಡೀ ಐದೈದು ನಿಮಿಷಕ್ಕೆ ಒಂದೊಂದು ಕ್ಲಿಪ್ ತೆರೆಯುವುದಕ್ಕಿಂತ ಎಲ್ಲವನ್ನೂ ಸೇರಿಸಿಟ್ಟು ಒಂದೇ ಸಲ ಕೂತು ಮುಗಿಸುವುದು ಒಳ್ಳೆಯದು. ಹಾಗಾಗಿ ಹೀಗೆ ಮಾಡಿ.

ವಾಟ್ಸಾಪ್‌ನಲ್ಲಿ ಆಟೋ ಡೌನ್‌ಲೋಡ್ ಇವತ್ತೇ ಆಫ್ ಮಾಡಿ. ಇಲ್ಲದಿದ್ದರೆ ಸ್ಟ್ರಿಂಗರ್ (ಸಂಬಳವಿಲ್ಲದೆ ಸುದ್ದಿ ಲೆಕ್ಕದಲ್ಲಿ ದುಡಿಯುವ ವರದಿಗಾರ) ಕಳಿಸಿದ ಅಪಘಾತದ ಫೋಟೋ ನಿಮ್ಮ ಗ್ಯಾಲರಿಯಲ್ಲಿ, ಮಗಳ ಹುಟ್ಟುಹಬ್ಬದ ಫೋಟೋ ಪಕ್ಕದಲ್ಲೇ ಕೂರುತ್ತದೆ. ಮಗಳೇ ಮೊಬೈಲ್ ತೆಗೆದು ನೋಡುವ ದಿನವೂ ಬರುತ್ತದೆ.

ಮೊದಲು ಸೌಂಡ್ ಆಫ್ ಮಾಡಿ ನೋಡಿ. ಕಣ್ಣಿಗಿಂತ ಕಿವಿ ಜಾಸ್ತಿ ಹಿಡಿದುಕೊಳ್ಳುತ್ತದೆ, ಚೀರಾಟ ಹೆಡ್‌ಫೋನಿನಲ್ಲಿ ಕೇಳಿದವರಿಗೆ ಇದು ಗೊತ್ತು. ಆಡಿಯೊ ಬೇಕೇ ಬೇಕು ಅಂದರೆ ಬೇಕಾದಷ್ಟು ಸೆಕೆಂಡು ಮಾತ್ರ ಕೇಳಿ. ಪ್ಲೇಯರ್ ವಿಂಡೋ ಚಿಕ್ಕದು ಮಾಡಿ. ಥಂಬ್‌ನೇಲ್‌ಗಳನ್ನು ನೋಡಿ ಎಲ್ಲಿ ಕೆಟ್ಟ ದೃಶ್ಯ ಬರುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ, ಗೊತ್ತಿದ್ದು ನೋಡುವುದಕ್ಕೂ ಏಕಾಏಕಿ ಎದುರಾಗುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಗ್ರೂಪಿಗೆ ಹಾಕುವ ಮುಂಚೆ ಒಂದು ಸಾಲು ಬರೆಯಿರಿ: "ಎಚ್ಚರ, ಮುಂದಿನ ವಿಡಿಯೊದಲ್ಲಿ ಶವ ಇದೆ." ಫೈಲ್ ಹೆಸರಿನಲ್ಲೂ "ಗ್ರಾಫಿಕ್" ಅಂತ ಸೇರಿಸಿ. ಒಬ್ಬರು ನೋಡಿ, ಕತ್ತರಿಸಿ, ಬ್ಲರ್ ಮಾಡಿ ಆದ ಮೇಲೆ ಉಳಿದವರಿಗೆ ಆ ಕಾಪಿ ಮಾತ್ರ ಸಿಗಲಿ. ಕಚ್ಚಾ ಫೀಡ್ ಇಡೀ ಆಫೀಸಿಗೆ ಸುತ್ತುವುದು ಬೇಡ. ಆ "ಒಬ್ಬರು" ಯಾವಾಗಲೂ ಟ್ರೈನಿ ಹುಡುಗಿಯೇ ಆಗಬಾರದು, ಇದನ್ನು ಬಾಸ್‌ಗಳಿಗಾಗಿ ಬರೆಯುತ್ತಿದ್ದೇನೆ.

5. ಕೆಲಸ ಮುಗಿದ ಮೇಲೆ

ವಾಪಸ್ ಬರುವಾಗ ದಾರಿಯಲ್ಲಿ ಗಾಡಿ ನಿಲ್ಲಿಸಿ ಕ್ಯಾಮೆರಾಮನ್, ಡ್ರೈವರ್ ಜೊತೆ ಟೀ ಕುಡಿಯಿರಿ. ಡ್ರೈವರ್ ಕೂಡ ಅದನ್ನೆಲ್ಲ ನೋಡಿರುತ್ತಾನೆ, ಅವನನ್ನು ಯಾರೂ ಕೇಳಲ್ಲ. ಮಾತು ಬಂದರೆ ಬರಲಿ, ಬರದಿದ್ದರೆ ಬೇಡ. ಯಾರನ್ನೂ ಕೂರಿಸಿ "ಏನೇನು ನೋಡಿದೆ, ಎಲ್ಲ ಹೇಳಿಬಿಡು" ಅಂತ ಬಿಚ್ಚಿಸಬೇಡಿ. ಘಟನೆ ಆದ ತಕ್ಷಣ ಎಲ್ಲರಿಂದಲೂ ವಿವರ ಹೇಳಿಸುವ ಪದ್ಧತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಸ್ನಾನ, ಬಿಸಿ ಊಟ, ನಿದ್ದೆ. ನಿಮ್ಮದೇ ಚಾನೆಲ್ ಹಾಕಿಕೊಂಡು ಮತ್ತೆ ಅದನ್ನೇ ನೋಡುತ್ತಾ ಕೂರಬೇಡಿ. ನಮ್ಮ ಫೀಲ್ಡ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಔಷಧಿ ಎರಡು ಪೆಗ್. ಅದು ನಿದ್ದೆ ಬರಿಸುತ್ತದೆ, ರಾತ್ರಿ ಮೂರಕ್ಕೆ ಎಬ್ಬಿಸಿ ಕೂರಿಸುತ್ತದೆ. ಉಪದೇಶ ಮಾಡುತ್ತಿಲ್ಲ, ಕಂಡದ್ದು ಹೇಳುತ್ತಿದ್ದೇನೆ. ಎರಡು ನಾಲ್ಕಾದ ಕಥೆ ಪ್ರತಿ ಬ್ಯೂರೋದಲ್ಲೂ ಒಂದಾದರೂ ಇರುತ್ತದೆ.

ವಾರದ ರಜೆ ಬಿಡಬೇಡಿ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ನಾಲ್ಕು ವಾರಕ್ಕೆ 144 ಗಂಟೆಗಿಂತ ಜಾಸ್ತಿ ದುಡಿಸಬಾರದು, ಏಳು ದಿನದಲ್ಲಿ ಒಟ್ಟಿಗೆ 24 ಗಂಟೆ ಬಿಡುವು ಕೊಡಬೇಕು ಅಂತ ಹೇಳಿತ್ತು. ಅದೇ ಲೆಕ್ಕ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ಇದನ್ನು ಓದಿ ನೀವು ನಗುತ್ತಿದ್ದರೆ, ನಗು ಬರುವಂಥದ್ದೇ ಬಿಡಿ. ಆದರೂ ರಜೆ ಕ್ಯಾನ್ಸಲ್ ಆದಾಗಲೆಲ್ಲ ಮೇಲ್‌ನಲ್ಲಿ "ಕಾಂಪ್ ಆಫ್ ಬಾಕಿ", ಅಂದರೆ ಬದಲಿ ರಜೆ ಬಾಕಿ ಅಂತ ಬರೆದು ಇಟ್ಟುಕೊಳ್ಳಿ.

ಸ್ಟ್ರಿಂಗರ್‌ಗಳಿಗೆ ರಜೆಯೂ ಇಲ್ಲ, ಸುದ್ದಿಗಿಷ್ಟು ಅಂತ ದುಡ್ಡು. ಅವರಿಗಿರುವ ಬಲ ಬೇರೆ ಪತ್ರಿಕೆಯ ಗೆಳೆಯರು. ತಾಲ್ಲೂಕುಗಳಲ್ಲಿ ಒಂದೇ ಬೈಕಿನಲ್ಲಿ ಇಬ್ಬರು ಪೈಪೋಟಿ ಪತ್ರಿಕೆಯವರು ಸ್ಪಾಟಿಗೆ ಹೋಗುವುದು ಹೊಸದೇನಲ್ಲ. ಅದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಿರಿ. ಈ ಸಲ ಶವಾಗಾರಕ್ಕೆ ನಾನು, ಮುಂದಿನ ಸಲ ನೀನು, ಮಾಹಿತಿ ಹಂಚಿಕೊಳ್ಳೋಣ. ಯಾರ ಎಕ್ಸ್‌ಕ್ಲೂಸಿವ್ ಕೂಡ ಇದರಿಂದ ಹಾಳಾಗಲ್ಲ.

6. ಬೈಗುಳ, ಬೆದರಿಕೆ

ಇದು ಬೇರೆ ಥರದ ಪೆಟ್ಟು, ಹೆಣ್ಣುಮಕ್ಕಳಿಗೆ ಜಾಸ್ತಿ. ಪತ್ರಕರ್ತೆ ಗೌರಿ ಲಂಕೇಶ್ ಅವರ ಕೊಲೆಯಾದ 2017ರ ಸೆಪ್ಟೆಂಬರ್ 5ರ ಮೇಲೂ "ಟ್ರೋಲ್ ಅಷ್ಟೇ, ಇಗ್ನೋರ್ ಮಾಡು" ಅನ್ನುವ ಎಡಿಟರ್‌ಗಳಿದ್ದರೆ ಅವರ ಮಾತು ಕೇಳಬೇಡಿ. ಬ್ಲಾಕ್ ಮಾಡುವ ಮುಂಚೆ ಲಿಂಕ್, ದಿನಾಂಕ ಸಮೇತ ಸ್ಕ್ರೀನ್‌ಶಾಟ್ ತೆಗೆಯಿರಿ. ಕಾಮೆಂಟ್ ಓದುವ ಕೆಲಸವನ್ನು ನಂಬಿಕಸ್ಥ ಗೆಳತಿಗೆ ಕೊಡಿ, ನಿಜವಾದ ಬೆದರಿಕೆ ಇದ್ದರೆ ಮಾತ್ರ ಹೇಳಲಿ. ಸಂಪಾದಕರಿಗೆ ಬಾಯಲ್ಲಿ ಹೇಳಿ ಬಿಡದೆ ಮೇಲ್ ಮಾಡಿ. ಮನೆ ವಿಳಾಸ, ಮಕ್ಕಳ ಶಾಲೆ ಎತ್ತಿದರೆ ಅದೇ ದಿನ ಸೆನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆಗೆ ಹೋಗಿ.

7. ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು

ಮೊದಲ ಒಂದೆರಡು ವಾರ ನಿದ್ದೆ ಕೆಡುವುದು, ಕನಸು ಬರುವುದು, ಫೋನ್ ರಿಂಗ್ ಆದರೆ ಬೆಚ್ಚುವುದು, ಮಕ್ಕಳ ಮೇಲೆ ರೇಗುವುದು ಇದ್ದದ್ದೇ. ಬಹಳಷ್ಟು ಜನರಿಗೆ ತಾನಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿದರೂ ಇಳಿಯದಿದ್ದರೆ, ಆ ರಸ್ತೆಯಲ್ಲೇ ಹೋಗಲು ಆಗದಿದ್ದರೆ, ಅಥವಾ ಇದಕ್ಕೆ ತಿರುಗುಮುರುಗಾಗಿ ಯಾವ ಸಾವೂ ಏನೂ ಅನ್ನಿಸದಂತೆ ಆಗಿಬಿಟ್ಟಿದ್ದರೆ ಹೋಗಿ. "ನನಗೆ ಅಭ್ಯಾಸ ಆಗಿದೆ" ಅನ್ನುವವರನ್ನು ನಾನು ಜಾಸ್ತಿ ಗಮನಿಸುತ್ತೇನೆ. ಬದುಕೇ ಬೇಡ ಅನ್ನಿಸಿದರೆ ತಿಂಗಳ ಲೆಕ್ಕ ಇಲ್ಲ, ಆ ಕ್ಷಣವೇ ಯಾರಿಗಾದರೂ ಹೇಳಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ದಿನದ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. ಊರಲ್ಲಿ ಎಲ್ಲರಿಗೂ ಪರಿಚಯ ಇರುವ ರಿಪೋರ್ಟರ್ ಆ ಸಾಲಿನಲ್ಲಿ ಕೂರಲು ಹಿಂಜರಿಯುತ್ತಾನೆ, ಗೊತ್ತು. ಪಕ್ಕದ ಜಿಲ್ಲೆಗೆ ಹೋಗಿ, ತಪ್ಪೇನಿಲ್ಲ. ಆಫೀಸಿಗೆ ತಿಳಿಯುತ್ತದೆ ಅನ್ನುವ ಹೆದರಿಕೆ ಇದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ಗುಟ್ಟು ಕಾಪಾಡುವ ಹಕ್ಕನ್ನು ನಿಮಗೆ ಕೊಟ್ಟಿದೆ. ಮೈ ಕಾಯಿಲೆಗೆ ಕೊಡುವ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತಲೂ ಅದರಲ್ಲೇ ಇದೆ, ಎಚ್‌ಆರ್‌ನವರಿಂದ ಪಾಲಿಸಿ ಕಾಗದ ತರಿಸಿ ಓದಿ.

8. ಬ್ಯೂರೋ ಚೀಫ್‌ಗಳಿಗೆ, ಮತ್ತು ಅವರಿಗೆ ಮೆಸೇಜ್ ಹಾಕುವವರಿಗೆ

ಚೀಫ್ ಆದವರು ಮಾರನೇ ದಿನ ಬೆಳಿಗ್ಗೆ ಒಂದು ಫೋನ್ ಮಾಡಿ. "ಗಟ್ಟಿಯಾಗಿರು" ಅನ್ನಬೇಡಿ. "ಊಟ ಆಯ್ತಾ, ನಿದ್ದೆ ಬಂತಾ? ಇವತ್ತು ಅದೇ ಸ್ಟೋರಿ ಮುಂದುವರಿಸ್ತೀಯಾ, ಬೇರೆ ತಗೋತೀಯಾ?" ಇಷ್ಟು ಸಾಕು. ಕೇಳದೆ ಸ್ಟೋರಿ ಕಿತ್ತುಕೊಂಡು ಬೇರೆಯವರಿಗೆ ಕೊಟ್ಟರೆ ಅದು ಶಿಕ್ಷೆ ಥರ ಕಾಣುತ್ತದೆ. ಕೆಲವರಿಗೆ ಮುಂದುವರಿಸುವುದೇ ಸಮಾಧಾನ.

ಇನ್ನು ವರದಿಗಾರರಿಗೆ: ಚೀಫ್ ಫೋನ್ ಬರದಿದ್ದರೆ ನೀವೇ ಮೆಸೇಜ್ ಹಾಕಿ. ಕ್ಷಮೆ ಕೇಳುವ ಧಾಟಿ ಬೇಡ, ಉದ್ದದ ವಿವರಣೆಯೂ ಬೇಡ. "ಸರ್, ನಿನ್ನೆಯ ಕವರೇಜ್ ಪೂರ್ತಿ ಕಳಿಸಿದ್ದೇನೆ. ಫಾಲೋಅಪ್‌ಗೆ ಬೇಕಾದ ನಂಬರ್‌ಗಳು ಕೆಳಗಿವೆ. ಎರಡು ದಿನ ನನಗೆ ಬೇರೆ ಬೀಟ್ ಕೊಡಿ, ಗುರುವಾರದಿಂದ ಮತ್ತೆ ಕ್ರೈಂಗೆ ಬರ್ತೀನಿ." ನಂಬರ್‌ಗಳನ್ನು ನಿಜವಾಗಲೂ ಹಾಕಿ, ಆಗ ಇಲ್ಲ ಅನ್ನಲು ಅವರಿಗೆ ಕಾರಣ ಸಿಗುವುದಿಲ್ಲ. ಬೆಳಗಿನ ಮೀಟಿಂಗ್‌ಗಿಂತ ಮುಂಚೆ ಕಳಿಸಿ. ಡ್ಯೂಟಿ ಚಾರ್ಟ್ ಆದ ಮೇಲೆ ಕಳಿಸಿದರೆ ಯಾರೂ ಬದಲಿಸಲ್ಲ.